ಕಣದಲ್ಲಿ ತೆಗೆದ ಫೋಟೊ

ಹಿರೇನಲ್ಲೂರು
12 ಆಗಸ್ಟ್ 1973

ಪ್ರೀತಿಯ ತಂಗಿ ಪ್ರೇಮಳಿಗೆ ಅಣ್ಣನ ಆಶೀರ್ವಾದ.

ಈ ಕಾಗದದ ಜೊತೆಗೆ ಬಸ್ಸಿನ ಕಂಡಕ್ಟರ್ ನಿನಗೊಂದು ಸಣ್ಣ ಡಬ್ಬಿ ಕೊಡುತ್ತಾನೆ. ಅದನ್ನು ಬಿಚ್ಚಬೇಡ, ಬಿಸಿಲಿಗೆ ಇಡಬೇಡ. ಒಳಗಿರುವುದು ಫಿಲಂ ರೋಲು. ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ದಾವೂದ್ ಸಾಬರ ಸ್ಟುಡಿಯೋ ಇದೆಯಲ್ಲ, ಅವರಿಗೆ ಕೊಟ್ಟು ತೊಳೆಸಿ ಕಳಿಸು.

ನಗಬೇಡ. ಅಜ್ಜಂಪುರದ ಸ್ಕೂಲಿನಿಂದ ನನ್ನನ್ನು ಬೀಳ್ಕೊಡುವಾಗ, "ಸಾರ್, ನಿಮಗೆ ವಾಚು ಕೊಡೋಣ ಅಂತಿದೀವಿ" ಎಂದರು. ಮೂವತ್ತೆರಡು ವರ್ಷ ಗಂಟೆ ನೋಡಿ ನೋಡಿ ಸಾಕಾಗಿದೆ, ಕೊಡುವುದಾದರೆ ಒಂದು ಕ್ಯಾಮೆರಾ ಕೊಡಿ ಎಂದುಬಿಟ್ಟೆ. ಎಲ್ಲರೂ ತಮಾಷೆ ಎಂದುಕೊಂಡರು. ಸಮಾರಂಭದ ದಿನ ನಿಜವಾಗಿಯೂ ಒಂದು ಅಗ್ಫಾ ಕ್ಲಿಕ್ ಕೈಗಿಟ್ಟರು. ಮೇಲೊಂದು ಸಣ್ಣ ಕಡ್ಡಿ ಇದೆ, ಬಿಸಿಲಿಗೆ ಒಂದು ಕಡೆ ತಿರುಗಿಸಬೇಕು, ಮೋಡಕ್ಕೆ ಇನ್ನೊಂದು ಕಡೆ. ಹಿಂದೆ ಕೆಂಪು ಕಿಂಡಿಯಲ್ಲಿ ನಂಬರು ಕಾಣುತ್ತದೆ. ಒಂದು ರೋಲಿಗೆ ಹನ್ನೆರಡೇ ಫೋಟೊ. ಹನ್ನೆರಡೇ ಇರುವುದರಿಂದ ಯಾವುದನ್ನು ತೆಗೆಯಲಿ, ಯಾವುದನ್ನು ಬಿಡಲಿ ಎಂದು ದಿನವೆಲ್ಲ ಯೋಚನೆ.

ನಿಮ್ಮತ್ತಿಗೆ ಮಲ್ಲಿಕಾಂಬ, "ಐವತ್ತೈದು ತುಂಬಿದ ಮೇಲೆ ಆಟದ ಸಾಮಾನು ಸಿಕ್ಕಿತು" ಎನ್ನುತ್ತಾಳೆ. ಆದರೆ ಮೊದಲನೇ ಫೋಟೊಗೆ ಹೊಸ ಸೀರೆ ಉಟ್ಟು ಬಂದು ನಿಂತವಳು ಅವಳೇ.

ನಿನ್ನ ನಾಲ್ಕು ಎಕರೆಗೆ ಲಕ್ಕಣ್ಣ ರಾಗಿ ಬಿತ್ತಿದ್ದಾನೆ. ಹದ ಚೆನ್ನಾಗಿದೆ. ಎಂದಿನಂತೆ ಬೆಳೆದದ್ದರಲ್ಲಿ ಅರ್ಧ ನಿನಗೆ, ಅರ್ಧ ಅವನಿಗೆ. ನಿನ್ನ ಪಾಲನ್ನು ಸುಗ್ಗಿಯಾದ ಕೂಡಲೇ ಬಸ್ಸಿನ ಮೇಲೆ ಹಾಕಿಸುತ್ತೇನೆ.

ನಿನ್ನ ಅಣ್ಣ
ಚನ್ನಬಸಪ್ಪ


ತರೀಕೆರೆ
2 ಸೆಪ್ಟೆಂಬರ್ 1973

ಅಣ್ಣಯ್ಯನಿಗೆ ಪ್ರೇಮಳ ನಮಸ್ಕಾರ.

ನಿನ್ನ ಹನ್ನೆರಡರಲ್ಲಿ ಬಂದದ್ದು ಐದು. ಅಮೃತಮಹಲ್ ಹೋರಿಗೆ ಕೊಂಬೇ ಇಲ್ಲ. ಅತ್ತಿಗೆಯ ಹೊಸ ಸೀರೆ ಬಂದಿದೆ, ಅತ್ತಿಗೆಯ ಹಣೆಯಿಂದ ಮೇಲೆ ಬಂದಿಲ್ಲ. ಅವರಿಗೆ ಇದನ್ನು ನೀನೇ ಹೇಳು, ನನಗೆ ಧೈರ್ಯವಿಲ್ಲ.

ದಾವೂದ್ ಸಾಬರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. "ನೋಡಮ್ಮಾ, ನಿಮ್ಮ ಅಣ್ಣ ಸೂರ್ಯನ ಎದುರಿಗೇ ಕ್ಯಾಮೆರಾ ಹಿಡಿದಾರೆ. ಸೂರ್ಯ ಬೆನ್ನಿಗೆ ಇರಬೇಕು ಅಂತ ಬರೀರಿ. ಆದರೆ ಕೈ ಅಲ್ಲಾಡಿಲ್ಲ. ಈ ವಯಸ್ಸಿನಲ್ಲಿ ಕೈ ಅಲ್ಲಾಡದೆ ಇರೋದು ದೊಡ್ಡದು" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣಯ್ಯ, ಇವರು ಹೋಗಿ ಮೂರು ವರ್ಷವಾಯಿತು. ಅವರ ತಮ್ಮಂದಿರು ನನ್ನನ್ನು ಮನೆಯಿಂದ ಹೊರಗೆ ಹಾಕಿ ಎರಡು. ಬೆಳಿಗ್ಗೆ ಶಿಶುವಿಹಾರದ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ, ಮಧ್ಯಾಹ್ನ ಈ ಬಾಡಿಗೆ ಕೋಣೆಗೆ ಬಂದು ಗೋಡೆ ನೋಡುತ್ತೇನೆ. ನಿನ್ನ ರೋಲು ಬಂದ ದಿನ ನಾನೇ ಊರಿಗೆ ಹೋಗಿಬಂದ ಹಾಗಾಯಿತು. ಚೆನ್ನಾಗಿ ಬಂದಿರಲಿ, ಕೆಟ್ಟಿರಲಿ, ಮೊದಲು ನೋಡುವವಳು ನಾನಲ್ಲವೇ? ಕಳಿಸುತ್ತಿರು.

ಪ್ರೇಮ


ಹಿರೇನಲ್ಲೂರು
24 ಜನವರಿ 1974

ಪ್ರೇಮ,

ಈ ರೋಲಿನ ಏಳನೆಯದನ್ನು ದಾವೂದ್ ಸಾಬರು ಜೋಪಾನವಾಗಿ ತೊಳೆಯಲಿ. ಅದು ಹೇಗೆ ಬಂದಿದೆಯೋ ಎಂದು ನನಗೆ ಊಟ ಸೇರುತ್ತಿಲ್ಲ.

ಹೋದ ಭಾನುವಾರ ನಿನ್ನ ಜಮೀನಿನ ಕಣಕ್ಕೆ ಹೋಗಿದ್ದೆ. ಲಕ್ಕಣ್ಣ, ಅವನ ಹೆಂಡತಿ ಹನುಮಂತಮ್ಮ ಇಬ್ಬರೂ ರಾಗಿ ತೂರಿ ಮುಗಿಸಿ ರಾಶಿ ಮಾಡಿದ್ದರು. ಎರಡು ರಾಶಿ, ನಿನ್ನದೊಂದು, ಅವರದೊಂದು. ಸಂಜೆ ನಾಲ್ಕರ ಹೊತ್ತು. ಗಾಳಿಯಲ್ಲಿ ಇನ್ನೂ ಹೊಟ್ಟು ತೇಲುತ್ತಿತ್ತು, ಅದರ ಮೇಲೆ ಬಿಸಿಲು ಬಿದ್ದು ಕಣಕ್ಕೆ ಕಣವೇ ಹೊಳೆಯುತ್ತಿತ್ತು. ನಾನು ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತೆ.

"ಲಕ್ಕಣ್ಣ, ಎರಡು ರಾಶಿ ಮಧ್ಯೆ ನಿಂತ್ಕೊಳ್ಳೋ" ಎಂದೆ.

"ಅಯ್ಯೋ ಮೇಷ್ಟ್ರೇ, ಮೈಯೆಲ್ಲಾ ಧೂಳು. ಮಕ ತೊಳ್ಕಂಡ್ ಬತ್ತೀನಿ ತಡೀರಿ."

"ತೊಳೆದರೆ ಬಿಸಿಲು ಹೋಗಿಬಿಡ್ತದೆ. ಹಾಗೇ ನಿಂತ್ಕೊ."

ಹನುಮಂತಮ್ಮ ಮೊರ ಅಡ್ಡ ಹಿಡಿದು ಮುಖ ಮುಚ್ಚಿಕೊಂಡಳು. ಲಕ್ಕಣ್ಣ ಗದರಿದ. "ತೆಗಿಯೇ, ಮೇಷ್ಟ್ರು ಮೊರದ ಫೋಟೊ ತೆಗೀತಾರಾ?" ಎಂದ. ಅವಳು ನಕ್ಕು ಮೊರ ಇಳಿಸಿದಳು. ಆ ಕ್ಷಣಕ್ಕೆ ಒತ್ತಿದೆ. ಇಷ್ಟು ವರ್ಷ ಪಾಠ ಹೇಳಿದಾಗಲೂ ಇಂಥ ಸಂತೋಷ ಆಗಿರಲಿಲ್ಲ ಎಂದರೆ ಪಾಪ ಬರುತ್ತದೆಯೋ ಏನೋ.

ಅಣ್ಣ


ತರೀಕೆರೆ
14 ಫೆಬ್ರವರಿ 1974

ಅಣ್ಣಯ್ಯ,

ಏಳನೆಯದು ಬಂದಿದೆ! ಎಷ್ಟು ಚೆನ್ನಾಗಿ ಬಂದಿದೆ ಎಂದರೆ ದಾವೂದ್ ಸಾಬರು ಅದನ್ನು ಹಿಡಿದುಕೊಂಡು ಬೀದಿಗೇ ಬಂದು ಬಿಸಿಲಲ್ಲಿ ನೋಡಿದರು. "ಇದು ನಾನು ತೆಗೆದದ್ದು ಅಂತ ಹೇಳ್ಕೊಳ್ಳೋಕೆ ಆಸೆ ಆಗ್ತದೆ" ಎಂದರು. ಹನುಮಂತಮ್ಮನ ನಗೆ ನೋಡಿ ನನಗೂ ನಗು ಬಂತು. ಹೊಟ್ಟಿನ ಒಂದೊಂದು ಎಳೆಯೂ ಕಾಣುತ್ತದೆ.

ಒಂದು ಸಾಲದೆಂದು ನಾನೇ ಎರಡು ಪ್ರತಿ ಹಾಕಿಸಿದೆ. ಒಂದು ನಿನಗೆ. ಇನ್ನೊಂದನ್ನು ಲಕ್ಕಣ್ಣನಿಗೆ ಕೊಡು, ಪ್ರೇಮಮ್ಮ ಕೊಟ್ಟಳೆಂದು ಹೇಳು. ಪಾಪ, ಅವರಿಬ್ಬರೂ ಸ್ಟುಡಿಯೋ ಮೆಟ್ಟಿಲು ಹತ್ತಿದವರಲ್ಲ. ಹಿಂದೆ ನಿನ್ನ ಮುತ್ತಿನಂಥ ಅಕ್ಷರದಲ್ಲಿ ಯಾರು, ಎಲ್ಲಿ, ಯಾವತ್ತು ಎಲ್ಲಾ ಬರೆದು ರುಜು ಹಾಕಿಕೊಡು. ಅವರ ಮೊಮ್ಮಕ್ಕಳು ನೋಡಲಿ.

ರಾಗಿ ತಲುಪಿತು.

ಪ್ರೇಮ


ತರೀಕೆರೆ
9 ಡಿಸೆಂಬರ್ 1976

ಅಣ್ಣಯ್ಯನಿಗೆ ನಮಸ್ಕಾರ.

ಹೋದ ವಾರ ನೀನು ಕಳಿಸಿದ ರೋಲನ್ನು ಇನ್ನೂ ದಾವೂದ್ ಸಾಬರಿಗೆ ಕೊಟ್ಟಿಲ್ಲ. ಕಡೂರಿನಿಂದ ನೋಟೀಸು ಬಂದಿದೆ. ಲಕ್ಕಣ್ಣ ನನ್ನ ಜಮೀನು ತನಗೆ ಸೇರಬೇಕೆಂದು ಡಿಕ್ಲರೇಷನ್ ಹಾಕಿದ್ದಾನೆ. ಉಳುವವನಿಗೇ ಭೂಮಿ ಎನ್ನುವ ಹೊಸ ಕಾನೂನಂತೆ. ಎಪ್ಪತ್ತನಾಲ್ಕರ ಮಾರ್ಚ್ ಒಂದಕ್ಕೂ ಮೊದಲಿನಿಂದ ಅವನು ಪಾಲಿಗೆ ಉಳುತ್ತಿದ್ದನೆಂದು ಸಾಬೀತಾದರೆ ಜಮೀನು ಅವನದಾಗುತ್ತದಂತೆ.

ನಿನಗೆ ಇದು ಗೊತ್ತಿತ್ತೇ? ಅದೇ ಊರಲ್ಲಿ ಇದ್ದೀಯಲ್ಲ, ಒಂದು ಮಾತು ಬರೆಯಲಿಲ್ಲವಲ್ಲ!

ಅಪ್ಪ ಮದುವೆಯಲ್ಲಿ ಆ ನಾಲ್ಕು ಎಕರೆ ನನ್ನ ಹೆಸರಿಗೆ ಬರೆದಾಗ, "ಗಂಡನ ಮನೆ ಹೇಗಿರುತ್ತೋ, ಇದು ನಿಂದು ಅಂತ ಇರಲಿ" ಎಂದಿದ್ದರು. ಗಂಡನ ಮನೆ ಹೇಗಿತ್ತೆಂದು ನಿನಗೆ ಗೊತ್ತು. ವಕೀಲ ತಿಮ್ಮರಾಯಪ್ಪನವರನ್ನು ನೋಡಿದೆ. ಅವನು ಪಾಲುಗಾರನಲ್ಲ, ದಿನಗೂಲಿಯವನು ಎಂದು ಬರೆದುಕೊಡೋಣ ಎಂದರು. ಬರವಣಿಗೆಯಲ್ಲಿ ಏನೂ ಇಲ್ಲವಂತೆ, ಎಲ್ಲ ನೀನು ಬಾಯಿಮಾತಿನಲ್ಲಿ ಒಪ್ಪಿಸಿದ್ದು. ಆದ್ದರಿಂದ ನಿನ್ನ ಮಾತೇ ಮುಖ್ಯವಂತೆ.

ಕೂಡಲೇ ಬರೆ.

ಪ್ರೇಮ


ಹಿರೇನಲ್ಲೂರು
2 ಜನವರಿ 1977

ಪ್ರೀತಿಯ ಪ್ರೇಮಳಿಗೆ,

ತಡವಾಯಿತು. ಏನು ಬರೆಯಬೇಕೆಂದು ತಿಳಿಯದೆ ಮೂರು ಸಲ ಹರಿದು ಹಾಕಿದೆ.

ಗೊತ್ತಿತ್ತು. ಅರ್ಜಿ ಹಾಕುವ ಮೊದಲು ಲಕ್ಕಣ್ಣ ಮನೆಗೆ ಬಂದಿದ್ದ. ಜಗಲಿಯ ಮೇಲೆ ಕೂರೆಂದರೂ ಕೂರಲಿಲ್ಲ.

"ಮೇಷ್ಟ್ರೇ, ಎಲ್ರೂ ಹಾಕ್ತಾವ್ರೆ. ನಾನೂ ಹಾಕ್ಲಾ? ಹದಿನೆಂಟು ವರ್ಸ ಆತು ಆ ಹೊಲ ಗೇಯ್ತಾ. ಅಮ್ಮೋರಿಗೆ ಅನ್ಯಾಯ ಮಾಡ್ಬೇಕು ಅಂತ ಅಲ್ಲ ಕಣ್ರೀ" ಎಂದ.

ಹಾಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಯೋಚನೆ ಮಾಡಿ ಮಾಡಪ್ಪ" ಎಂದುಬಿಟ್ಟೆ. ಮೇಷ್ಟ್ರು ಬೇಡ ಎನ್ನಲಿಲ್ಲ ಎಂದು ಅವನು ತಿಳಿದುಕೊಂಡಿರಬೇಕು.

ಇಬ್ಬರೂ ಕುಳಿತು ಮಾತಾಡಿ ಎರಡೆರಡು ಎಕರೆ ಮಾಡಿಕೊಂಡರೆ ಹೇಗೆ? ಬೇಕಾದರೆ ನಾನೇ ಅವನನ್ನು ತರೀಕೆರೆಗೆ ಕರೆತರುತ್ತೇನೆ. ಸಿಟ್ಟಾಗಬೇಡ, ಯೋಚಿಸಿ ನೋಡು.

ಡಿಸೆಂಬರಿನಲ್ಲಿ ಕಳಿಸಿದ ರೋಲಿನಲ್ಲಿ ನಮ್ಮೂರ ಬಾವಿಕಟ್ಟೆಯ ಫೋಟೊಗಳಿದ್ದವು, ಹೇಗೆ ಬಂದಿವೆ?

ಅಣ್ಣ


ತರೀಕೆರೆ
20 ಜನವರಿ 1977

ಚನ್ನಬಸಪ್ಪನವರಿಗೆ,

ಬಾವಿಕಟ್ಟೆಯ ಫೋಟೊ ಕೇಳುತ್ತೀಯಾ? ಯಾವ ಫೋಟೊ ಬಗ್ಗೆ ಮಾತಾಡಬೇಕಿತ್ತೋ ಅದರ ಬಗ್ಗೆ ನಿನ್ನ ಕಾಗದದಲ್ಲಿ ಒಂದಕ್ಷರವಿಲ್ಲ.

ಲಕ್ಕಣ್ಣ ಕಚೇರಿಗೆ ಒಂದು ಫೋಟೊ ಕೊಟ್ಟಿದ್ದಾನೆ. ತಿಮ್ಮರಾಯಪ್ಪನವರು ನೋಡಿಕೊಂಡು ಬಂದರು. ಕಣದಲ್ಲಿ ಎರಡು ರಾಶಿ, ಮಧ್ಯೆ ಅವನು, ಪಕ್ಕದಲ್ಲಿ ಹೆಂಡತಿ. ಹಿಂದುಗಡೆ, "ಪ್ರೇಮಮ್ಮನ ಜಮೀನಿನ ಕಣ. ಪಾಲಿನ ರಾಶಿಗಳೊಂದಿಗೆ ಲಕ್ಕಣ್ಣ ದಂಪತಿ. 20-1-74" ಎಂದು ಬರೆದು ನಿನ್ನ ರುಜು. ಮಾರ್ಚ್ ಒಂದಕ್ಕೆ ನಲವತ್ತು ದಿನ ಮೊದಲು! ಇದಕ್ಕಿಂತ ಇನ್ನೇನು ಬೇಕು ಅವನಿಗೆ?

ನಿನಗೆ ಅದನ್ನು ಅವನಿಗೆ ಕೊಡು ಎಂದು ಹೇಳಿದವರು ಯಾರು? ಊರಿನವರಿಗೆಲ್ಲ ಫೋಟೊ ಹಂಚಿ ಒಳ್ಳೆಯವನಾಗುವ ಚಟ ನಿನಗೆ. ನಿನ್ನ ಆಟಕ್ಕೆ ನನ್ನ ಅನ್ನ ಹೋಗುತ್ತಿದೆ.

ಎರಡೆರಡು ಎಕರೆಯ ನ್ಯಾಯ ನನಗೆ ಬೇಡ. ನನ್ನ ಮೈದುನಂದಿರೂ ಮೊದಲು ಅರ್ಧ ಮನೆ ಎಂದೇ ಶುರು ಮಾಡಿದ್ದು.

ನೆಗೆಟಿವ್ ಮತ್ತು ನಿನ್ನ ಹತ್ತಿರ ಇರುವ ಪ್ರತಿ ಎರಡನ್ನೂ ಸುಟ್ಟುಹಾಕು. ವಿಚಾರಣೆಯಲ್ಲಿ ಜ್ಞಾಪಕವಿಲ್ಲ ಎನ್ನು, ಅಕ್ಷರ ನನ್ನದಲ್ಲ ಎನ್ನು. ಒಡಹುಟ್ಟಿದವಳಿಗೆ ಇಷ್ಟು ಮಾಡಲಾಗದಿದ್ದರೆ ಇನ್ನು ನನಗೆ ಅಣ್ಣನಿಲ್ಲ ಎಂದುಕೊಳ್ಳುತ್ತೇನೆ.

ಪ್ರೇಮ


ಹಿರೇನಲ್ಲೂರು
18 ಫೆಬ್ರವರಿ 1977

ಪ್ರೇಮಳಿಗೆ,

ನಿನ್ನೆ ಕಡೂರಿನಲ್ಲಿ ವಿಚಾರಣೆ ಆಯಿತು. ಫೋಟೊ ತೆಗೆದದ್ದು ನಾನಿರಬಹುದು, ಯಾವ ವರ್ಷ, ಯಾರ ಕಣ ಎಂಬುದು ಜ್ಞಾಪಕವಿಲ್ಲ ಎಂದೆ. ಹಿಂದಿನ ಅಕ್ಷರ, ರುಜು ನನ್ನದಲ್ಲ ಎಂದೆ. ಲಕ್ಕಣ್ಣ ಕೂಲಿಗೆ ಬರುತ್ತಿದ್ದವನು ಎಂದೆ.

ನೆಗೆಟಿವ್, ಪ್ರತಿ ಎರಡನ್ನೂ ಸುಟ್ಟಿದ್ದೇನೆ.

ಲಕ್ಕಣ್ಣನ ಅರ್ಜಿ ವಜಾ ಆಗಿದೆ.

ಚನ್ನಬಸಪ್ಪ


ತರೀಕೆರೆ
6 ನವೆಂಬರ್ 1977

ಅಣ್ಣಯ್ಯನಿಗೆ ಪ್ರೇಮಳ ನಮಸ್ಕಾರ.

ಹೋದ ಫೆಬ್ರವರಿಯಿಂದ ನಾಲ್ಕು ಕಾಗದ ಬರೆದೆ. ಒಂದಕ್ಕೂ ಉತ್ತರವಿಲ್ಲ. ಅವತ್ತು ನಾನು ಒರಟಾಗಿ ಬರೆದೆ, ಒಪ್ಪಿಕೊಳ್ಳುತ್ತೇನೆ. ಭಯಕ್ಕೆ ಬರೆದೆ ಅಣ್ಣಯ್ಯ. ಮರೆತುಬಿಡು.

ಜಮೀನನ್ನು ಈ ವರ್ಷ ಕೂಲಿಯವರಿಂದ ಮಾಡಿಸಿದೆ. ಬೆಳೆ ಅಷ್ಟಕ್ಕಷ್ಟೆ. ಲಕ್ಕಣ್ಣ ಹೈಕೋರ್ಟಿಗೆ ಹೋಗಿದ್ದಾನಂತೆ, ಅದು ಮುಗಿಯಲು ವರ್ಷಗಟ್ಟಲೆ ಬೇಕು, ಹೆದರಬೇಡಿ ಎಂದರು ವಕೀಲರು.

ದೀಪಾವಳಿಗೆಂದು ನಿನಗೆ ಎರಡು ಹೊಸ ಫಿಲಂ ರೋಲು ಕಳಿಸಿದ್ದೇನೆ. ದಾವೂದ್ ಸಾಬರು, "ಮೇಷ್ಟ್ರು ನಮ್ಮನ್ನ ಬಿಟ್ಟು ಬೇರೆ ಸ್ಟುಡಿಯೋಗೆ ಹೋಗ್ತಿದಾರೇನಮ್ಮಾ?" ಎಂದು ಕೇಳಿದರು. ಏನು ಹೇಳಲಿ?

ಪ್ರೇಮ


ಹಿರೇನಲ್ಲೂರು
30 ನವೆಂಬರ್ 1977

ಪ್ರೇಮಳಿಗೆ,

ರೋಲುಗಳು ತಲುಪಿದವು. ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿದ್ದಾರೆ. ಇನ್ನು ಫೋಟೊ ತೆಗೆಯುವುದು ಆಗುವುದಿಲ್ಲ. ದಾವೂದ್ ಸಾಬರಿಗೆ ಹಾಗೇ ಹೇಳು.

ಚನ್ನಬಸಪ್ಪ


ತರೀಕೆರೆ
19 ಆಗಸ್ಟ್ 1979

ಅಣ್ಣಯ್ಯ,

ಹೋದ ವಾರ ಅತ್ತಿಗೆ ಮದುವೆಯೊಂದಕ್ಕೆ ಇಲ್ಲಿಗೆ ಬಂದಿದ್ದರು. ಆಪರೇಷನ್ ಯಾವಾಗ ಮಾಡಿಸುತ್ತೀರಿ ಎಂದು ಕೇಳಿದೆ. "ಯಾವ ಆಪರೇಷನ್ನು? ದಿನಾ ಪೇಪರ್ ಓದ್ತಾರೆ, ಸೂಜಿಗೆ ದಾರ ಪೋಣಿಸಿಕೊಡ್ತಾರೆ" ಎಂದರು. ಆಮೇಲೆ ನನ್ನ ಮುಖ ನೋಡಿ ಮಾತು ಬದಲಾಯಿಸಿದರು.

ನನಗೆ ಸುಳ್ಳು ಬರೆಯುವಷ್ಟು ದೂರದವಳಾದೆನೇ?

ಪ್ರೇಮ


ಹಿರೇನಲ್ಲೂರು
8 ಫೆಬ್ರವರಿ 1981

ಪ್ರೀತಿಯ ಪ್ರೇಮಳಿಗೆ,

ಒಂದೂವರೆ ವರ್ಷದ ಮೇಲೆ ನಿನಗೆ ಉತ್ತರ ಬರೆಯುತ್ತಿದ್ದೇನೆ. ಕಣ್ಣಿಗೆ ಪೊರೆ ಬಂದದ್ದು ಸುಳ್ಳು. ಒಮ್ಮೆ ಸುಳ್ಳು ಹೇಳಿದ ಮೇಲೆ ಎರಡನೆಯದು ಸುಲಭವಾಗಿ ಬಂತು.

ಹೋದ ತಿಂಗಳು ಲಕ್ಕಣ್ಣ ತೀರಿಕೊಂಡ. ಜಮೀನು ಬಿಟ್ಟ ಮೇಲೆ ಅಜ್ಜಂಪುರದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಎದೆ ನೋವೆಂದು ಕುಳಿತವನು ಏಳಲಿಲ್ಲವಂತೆ. ನಾನು ಮಣ್ಣಿಗೆ ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ.

ಮೊನ್ನೆ ಹನುಮಂತಮ್ಮ ಮನೆಗೆ ಬಂದಳು. ಬೈಯಲು ಬಂದಳೆಂದುಕೊಂಡು ಎದ್ದು ನಿಂತೆ. ಅವಳು ಬಾಗಿಲ ಹೊರಗೇ ನಿಂತು ಕೇಳಿದಳು.

"ಮೇಷ್ಟ್ರೇ, ಅವತ್ತು ಕಣದಾಗೆ ತೆಗ್ದಿದ್ರಲ್ಲ, ಆ ಫೋಟೊ ಇನ್ನೊಂದು ಇದ್ರೆ ಕೊಡ್ತೀರಾ? ನಮ್ದು ಕಡೂರ್ ಕಚೇರೀಲಿ ಐತೆ, ಕೇಸು ಮುಗಿಯೋಗಂಟ ಕೊಡಕ್ಕಿಲ್ಲ ಅಂದ್ರು. ಅವರ ಮಕ ಇರೋದು ಅದೊಂದ್ರಾಗೇ. ನಂಗೆ ಹೊಲ ಗಿಲ ಏನೂ ಬ್ಯಾಡ ಕಣ್ರೀ, ಮಕ ಒಂದು ನೋಡ್ಕಂತೀನಿ."

ಸುಟ್ಟುಹಾಕಿದೆ ಎಂದು ಹೇಳಲಿಲ್ಲ. ಹುಡುಕುತ್ತೇನೆ ಎಂದೆ. ಅವಳು "ಹಂಗಾರೆ ಬತ್ತೀನಿ, ಬಿಡುವಾದಾಗ ಹುಡುಕಿ" ಎಂದು ಹೋದಳು. ಮಲ್ಲಿಕಾಂಬ ಒಳಗಿನಿಂದ ಎಲ್ಲಾ ಕೇಳಿಸಿಕೊಂಡಿದ್ದಳು. ನಾನು ಒಲೆಗೆ ಹಾಕಿದ್ದನ್ನು ಕಂಡವಳು ಅವಳು. ಅವತ್ತು ಮಧ್ಯಾಹ್ನ ಅವಳು ನನಗೆ ಊಟಕ್ಕೆ ಬಡಿಸಿ, ತಾನು ಉಣ್ಣಲಿಲ್ಲ.

ದಾವೂದ್ ಸಾಬರ ಹತ್ತಿರ ಹಳೆಯದೊಂದು ಪ್ರತಿಯೇನಾದರೂ ಉಳಿದಿರಬಹುದೇ? ದಯವಿಟ್ಟು ಕೇಳಿ ಬರೆ. ಇದಿಷ್ಟು ಮಾಡು.

ಅಣ್ಣ


ತರೀಕೆರೆ
16 ಫೆಬ್ರವರಿ 1981

ಅಣ್ಣಯ್ಯ,

ಕೇಳಿದೆ. ದಾವೂದ್ ಸಾಬರ ಹತ್ತಿರ ಏನೂ ಇಲ್ಲ. ಕಚೇರಿಯಲ್ಲಿರುವ ಫೋಟೊವನ್ನೇ ಮೇಜಿನ ಮೇಲಿಟ್ಟು ಇನ್ನೊಂದು ಫೋಟೊ ತೆಗೆಯಬಹುದಂತೆ. ನಿನ್ನ ಕ್ಯಾಮೆರಾದಲ್ಲಿ ಅಷ್ಟು ಹತ್ತಿರದ್ದು ಬರುವುದಿಲ್ಲ, ತಮ್ಮ ಸ್ಟ್ಯಾಂಡಿನ ಕ್ಯಾಮೆರಾ ಬೇಕು ಎಂದರು. "ಕಾಲು ನೋವು, ಆದ್ರೂ ಮೇಷ್ಟ್ರು ಹೇಳಿದ್ರೆ ಬರ್ತೀನಿ" ಎಂದರು.

ಲಕ್ಕಣ್ಣ ಹೋದ ಸುದ್ದಿ ಓದಿ ಕಾಗದ ಮಡಚಿಟ್ಟೆ. ಆಮೇಲೆ ನಿನ್ನ ಹಳೆಯ ಕಾಗದಗಳನ್ನು ತೆಗೆದೆ. ಎಪ್ಪತ್ತನಾಲ್ಕರಲ್ಲಿ ನಿನಗೆ ಏನು ಬರೆದಿದ್ದೆ ಎಂಬುದು ಆಗ ಹೊಳೆಯಿತು. ಎರಡನೇ ಪ್ರತಿ ಹಾಕಿಸಿದವಳು ನಾನೇ. ಹಿಂದೆ ಬರೆದುಕೊಡು ಎಂದವಳೂ ನಾನೇ. ನಿನ್ನನ್ನು ಅಷ್ಟೆಲ್ಲ ಅಂದಾಗ ನೀನು ಅದನ್ನು ಯಾಕೆ ಎತ್ತಿ ತೋರಿಸಲಿಲ್ಲ? ತೋರಿಸಿದ್ದರೆ ನಾನು ನಿಲ್ಲುತ್ತಿದ್ದೆನೋ ಏನೋ. ನಿಲ್ಲುತ್ತಿರಲಿಲ್ಲವೋ.

ಪ್ರೇಮ


ಹಿರೇನಲ್ಲೂರು
12 ಮಾರ್ಚ್ 1981

ಪ್ರೇಮ,

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿನ್ನೆ ಕಡೂರಿಗೆ ಹೋದೆವು. ದಾವೂದ್ ಸಾಬರು ದೊಡ್ಡ ಕ್ಯಾಮೆರಾವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಸ್ಟ್ಯಾಂಡನ್ನು ಊರುಗೋಲಿನ ಹಾಗೆ ಊರಿಕೊಂಡು ಬಸ್ಸಿಳಿದರು. ಕಚೇರಿಯಲ್ಲಿ ಫೈಲುಗಳನ್ನು ನೋಡಿಕೊಳ್ಳುವವನು ಬೆನಕಪ್ಪ, ಅಜ್ಜಂಪುರದಲ್ಲಿ ನನ್ನ ವಿದ್ಯಾರ್ಥಿ. ಕುರ್ಚಿ ಬಿಟ್ಟು ಎದ್ದು ನಿಂತ. ಕೇಸು ಹೈಕೋರ್ಟಿನಿಂದ ವಾಪಸ್ಸು ಬಂದಿದೆ, ಜುಲೈನಲ್ಲಿ ಮತ್ತೆ ವಿಚಾರಣೆ, ಫೈಲು ಇಲ್ಲೇ ಇದೆ ಎಂದ. ಫೋಟೊದ ನಕಲು ತೆಗೆಯಲು ಒಂದು ಅರ್ಜಿ ಬರೆದುಕೊಡಬೇಕು, ಅರ್ಜಿದಾರನಿಗೂ ಫೋಟೊಗೂ ಏನು ಸಂಬಂಧ ಎಂದು ಅದರಲ್ಲಿ ತಿಳಿಸಬೇಕು ಎಂದ.

ಅಲ್ಲೇ ಬೆಂಚಿನ ಮೇಲೆ ಕುಳಿತು ಬರೆದೆ. "ಸದರಿ ಫೋಟೊವನ್ನು ದಿನಾಂಕ 20-1-74ರಂದು ನಾನೇ ತೆಗೆದಿರುತ್ತೇನೆ." ರುಜು ಹಾಕಿ ಕೊಟ್ಟೆ.

ಬೆನಕಪ್ಪ ಓದಿದ. ಫೈಲಿನಿಂದ ಫೋಟೊ ತೆಗೆದು ಹಿಂದುಮುಂದು ಮಾಡಿ ನನ್ನ ಅರ್ಜಿಯ ಪಕ್ಕದಲ್ಲಿಟ್ಟ. ಎರಡರಲ್ಲೂ ಅದೇ ಅಕ್ಷರ. ದನಿ ತಗ್ಗಿಸಿ ಹೇಳಿದ.

"ಸಾರ್, ಈ ಅಕ್ಷರ ನಾನು ನಾಲ್ಕು ವರ್ಷದ ಹಿಂದೆನೇ ಗುರುತು ಹಿಡಿದಿದ್ದೆ. ನನಗೆ ಕಾಪಿ ಬರೆಸಿದ ಕೈ ಅಲ್ವಾ. ಆದ್ರೆ ಸಾಕ್ಷಿ ಹೇಳಿದ್ದು ನೀವು, ನಾನೇನ್ ಹೇಳ್ಲಿ? ಈ ಅರ್ಜಿ ತಗೊಂಡ್ರೆ ಫೈಲಿಗೆ ಸೇರಿಸ್ಬೇಕಾಗ್ತದೆ. ಬೇಡ ಅಂದ್ರೆ ಈಗ್ಲೇ ವಾಪಸ್ ತಗೊಳ್ಳಿ."

"ಸೇರಿಸಪ್ಪ" ಎಂದೆ.

ದಾವೂದ್ ಸಾಬರು ಕಿಟಕಿಯ ಪಕ್ಕ ಮೇಜು ಎಳೆಸಿಕೊಂಡು ಫೋಟೊ ತೆಗೆದರು. ಮುಂಭಾಗ ಒಂದು, ಹಿಂಭಾಗ ಒಂದು. ಹಿಂಭಾಗ ಯಾಕೆ ಎಂದೆ. "ಅಕ್ಷರಾನೂ ಫೋಟೊದ ಒಂದು ಭಾಗ ಮೇಷ್ಟ್ರೇ" ಎಂದರು. ಅವರಿಗೆ ಎಷ್ಟು ಗೊತ್ತೋ ನಾನು ಕೇಳಲಿಲ್ಲ.

ಜುಲೈನಲ್ಲಿ ನನ್ನನ್ನು ಮತ್ತೆ ಕರೆಯುತ್ತಾರೆ. ಈ ಸಲ ನಿಜ ಹೇಳುತ್ತೇನೆ. ನಿನ್ನ ಬೆನ್ನ ಹಿಂದೆ ಮಾಡಬಾರದೆಂದು ಮೊದಲೇ ತಿಳಿಸುತ್ತಿದ್ದೇನೆ. ಜಮೀನು ಹೋಗುತ್ತದೆ. ನನ್ನ ಪೆನ್ಷನ್ ಇದೆ, ನಮ್ಮ ಮನೆಯಲ್ಲಿ ನಿನಗೊಂದು ಕೋಣೆ ಇದೆ. ಇದನ್ನು ದಾನ ಎಂದು ತಿಳಿಯಬೇಡ.

ಅಣ್ಣ


ತರೀಕೆರೆ
20 ಮಾರ್ಚ್ 1981

ಅಣ್ಣಯ್ಯ,

ನಿನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲು ನನ್ನ ಜಮೀನು ಕೊಡುತ್ತಿದ್ದೀಯೆ. ಕೋಣೆಯ ಮಾತಾಡಬೇಡ. ಇನ್ನೊಬ್ಬರ ಮನೆಯ ಕೋಣೆಯಲ್ಲಿ ಇದ್ದು ನೋಡಿದ್ದೇನೆ.

ನಿನ್ನಿಷ್ಟ.

ಪ್ರೇಮ


ಹಿರೇನಲ್ಲೂರು
5 ಏಪ್ರಿಲ್ 1981

ಪ್ರೇಮ,

ನೀನು ಬರೆದದ್ದು ನಿಜ.

ಹನುಮಂತಮ್ಮನಿಗೆ ಫೋಟೊ ಕೊಟ್ಟು ಬಂದೆ. ದಾವೂದ್ ಸಾಬರು ಅಂಗೈಯಗಲ ದೊಡ್ಡದು ಮಾಡಿ ಕಟ್ಟು ಹಾಕಿಸಿದ್ದರು. ಅವಳು ಸೆರಗಿನಿಂದ ಗಾಜು ಒರೆಸಿ, ಅವನ ಮುಖದ ಮೇಲೆ ಬೆರಳಿಟ್ಟಳು. ಅದೇ ಫೋಟೊದಲ್ಲಿ ತಾನೂ ನಗುತ್ತ ನಿಂತಿರುವುದನ್ನು ನೋಡಲೇ ಇಲ್ಲ. ಮೂಲ ಫೋಟೊದಷ್ಟು ಸ್ಪಷ್ಟವಾಗಿಲ್ಲ, ಹೊಟ್ಟಿನ ಹೊಳಪು ಹೋಗಿ ಬರೀ ಬಿಳುಪಾಗಿ ಕಾಣುತ್ತದೆ. ಅದನ್ನು ಹೇಳಲು ಹೋದೆ.

"ಮೂಗು ಬಂದೈತೆ, ಕಣ್ಣು ಬಂದೈತೆ. ಇನ್ನೇನ್ ಬೇಕು?" ಎಂದಳು. ಆಮೇಲೆ ನನ್ನನ್ನು ನೇರ ನೋಡಿ, "ಸುಟ್ಟಿದ್ರಂತಲ್ಲ ಮೇಷ್ಟ್ರೇ" ಎಂದಳು. ಮಲ್ಲಿಕಾಂಬ ಹೇಳಿರಬೇಕು. ಹೂಂ ಎಂದೆ. ಅವಳು ಫೋಟೊ ತೆಗೆದುಕೊಂಡು ಒಳಗೆ ಹೋದಳು. ಒಂದಷ್ಟು ಹೊತ್ತು ಅಂಗಳದಲ್ಲೇ ನಿಂತಿದ್ದು ಬಂದೆ.

ಅಣ್ಣ


ತರೀಕೆರೆ
30 ಆಗಸ್ಟ್ 1981

ಪೂಜ್ಯ ಅಣ್ಣಯ್ಯನಿಗೆ,

ಆರ್ಡರು ನಿನ್ನೆ ಬಂತು. ನಾಲ್ಕು ಎಕರೆಯೂ ಹನುಮಂತಮ್ಮನಿಗೆ. ನಿನಗೂ ತಿಳಿದಿರುತ್ತದೆ. ನಾನು ಬರೆಯಲು ಕುಳಿತದ್ದು ಬೇರೆ ವಿಷಯಕ್ಕೆ.

ಜುಲೈನಲ್ಲಿ ವಿಚಾರಣೆಯ ದಿನ ನಾನು ಕಡೂರಿಗೆ ಬಂದಿದ್ದೆ. ನಿನಗೆ ಕಾಣಲಿಲ್ಲ. ಒಳಗೆ ಬರಲು ಮನಸ್ಸಾಗದೆ ಜಗಲಿಯಲ್ಲಿ ಕಿಟಕಿಯ ಪಕ್ಕ ನಿಂತಿದ್ದೆ. ನೀನು ಒಂದೊಂದೇ ಒಪ್ಪಿಕೊಂಡದ್ದೆಲ್ಲ ಕೇಳಿಸಿತು. ಆಮೇಲೆ ವಿಚಾರಣೆ ಮಾಡುವವರಲ್ಲಿ ಒಬ್ಬರು, "ಹಾಗಾದರೆ ಮೊದಲು ಯಾಕೆ ಸುಳ್ಳು ಹೇಳಿದಿರಿ? ಯಾರಾದರೂ ಹೇಳಿಕೊಟ್ಟರೇ? ಒತ್ತಾಯ ಮಾಡಿದರೇ?" ಎಂದು ಕೇಳಿದರು. ನೀನು, "ಯಾರೂ ಇಲ್ಲ ಸ್ವಾಮಿ, ನನ್ನ ದುರ್ಬುದ್ಧಿ" ಎಂದೆ.

ನಿಜ ಹೇಳಲು ಬಂದವನು ನನಗಾಗಿ ಮತ್ತೆ ಸುಳ್ಳು ಹೇಳಿದೆ. ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

ಹನುಮಂತಮ್ಮ ಹೊರಗೆ ಬಂದು ನನ್ನನ್ನು ನೋಡಿದಳು. ಮುಖ ತಿರುಗಿಸಿ ಹೋಗುತ್ತಾಳೆಂದುಕೊಂಡೆ. ಎರಡು ಮೆಟ್ಟಿಲು ಕೆಳಗೆ ಅವಳೂ ಕುಳಿತಳು. ನಾನೇ ಬಾಯಿ ತೆರೆದೆ.

"ಹನುಮಂತಮ್ಮಾ, ಅಣ್ಣಯ್ಯ ಅವತ್ತು ಸುಳ್ಳು ಹೇಳಿದ್ದು ನಾನು ಹೇಳಿಸಿದ್ದಕ್ಕೆ ಕಣೇ."

"ಗೊತ್ತು ಕಣವ್ವಾ."

"ಯಾರು ಹೇಳಿದ್ರು?"

"ನಮ್ಮನೆಯವ್ರೇ ಹೇಳಿದ್ರು. ಅವತ್ತು ಇಲ್ಲಿಂದ ವಾಪಸ್ ಹೋಗೋವಾಗ ಬಸ್ಸಿನಾಗೆ ನಾನು ಮೇಷ್ಟ್ರಿಗೆ ಬಾಯಿಗೆ ಬಂದಂಗೆ ಬೈತಿದ್ದೆ. ಅವ್ರು ಸುಮ್ಕಿರು ಅಂದ್ರು. 'ಮೇಷ್ಟ್ರಿಗೆ ಸುಳ್ಳು ಹೇಳಕ್ಕೆ ಬರಾಕಿಲ್ಲ ಕಣೇ, ನೋಡ್ಲಿಲ್ವಾ, ಬಾಯಿ ಒಣಗೋಗಿತ್ತು. ತಂಗಿ ಬೀದೀಗ್ ಬೀಳ್ತಾಳೆ ಅಂತ ಹೇಳವ್ರೆ. ಅವ್ರ ಜಾಗದಾಗೆ ನಾನಿದ್ರೂ ಏನ್ ಮಾಡ್ತಿದ್ನೋ' ಅಂದ್ರು."

ಇಷ್ಟು ಹೇಳಿ ಅವಳು ಅಳಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅವಳು ಸಮಾಧಾನ ಮಾಡಲಿಲ್ಲ. ಎದ್ದು ಹೋಗಲೂ ಇಲ್ಲ.

ಇದನ್ನು ನಿನಗೆ ಬರೆಯಬಾರದೆಂದು ಒಂದು ತಿಂಗಳು ತಡೆದುಕೊಂಡೆ. ಓದಿದರೆ ನಿನಗೆ ಬೈಸಿಕೊಂಡದ್ದಕ್ಕಿಂತ ಹೆಚ್ಚು ನೋವಾಗುತ್ತದೆಂದು ಗೊತ್ತು. ಆದರೆ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡದ್ದು ಸಾಕಾಯಿತು. ಸುಳ್ಳು ಹೇಳಿಸಿದವಳು ನಾನು ಎಂದು ಕಡೂರಿಗೂ ಒಂದು ಕಾಗದ ಬರೆದು ಹಾಕಿದ್ದೇನೆ. ಅದರಿಂದ ಯಾರಿಗೆ ಏನು ಉಪಯೋಗವೋ ತಿಳಿಯದು, ಬೆನಕಪ್ಪ ಫೈಲಿಗೆ ಸೇರಿಸಿಕೊಳ್ಳಲಿ.

ನನಗೆ ಭಯ ಹೋಗಿಲ್ಲ ಅಣ್ಣಯ್ಯ. ಶಿಶುವಿಹಾರದ ಸಂಬಳದಲ್ಲಿ ಒಬ್ಬಳ ಹೊಟ್ಟೆ ನಡೆಯುತ್ತದೆ, ಕೈಕಾಲು ಗಟ್ಟಿ ಇರುವ ತನಕ. ಆಮೇಲಿನದು ಆಮೇಲೆ. ನಿನ್ನ ಮೇಲೆ ಸಿಟ್ಟು ಇಲ್ಲ ಎಂದರೂ ಸುಳ್ಳಾಗುತ್ತದೆ.

ಮುಂದಿನ ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಮನೆಗಲ್ಲ, ಮೊದಲು ಹನುಮಂತಮ್ಮನ ಮನೆಗೆ. ನೀನೂ ಬಾ. ಇಬ್ಬರೂ ಹೋಗಿ ಅವಳ ಬಾಗಿಲಲ್ಲಿ ನಿಲ್ಲೋಣ. ಒಳಗೆ ಬನ್ನಿ ಎಂದರೆ ಹೋಗೋಣ. ಎನ್ನದಿದ್ದರೆ, ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತು ನಿಂತಿದ್ದು ಬರೋಣ.

ನಿನ್ನ
ಪ್ರೇಮ